ತೊಟ್ಟಿಯ ದೀಪ

ಕಾವ್ಯ ಕೆಲಸದ ತಾಯಕ್ಕನ ಉಡಿಯೊಳಗೆ ಕೈ ಹಾಕಿ ಹುಡುಕಿದಳು. ಎರಡು ವೀಳ್ಯದೆಲೆ, ಒಂದು ತುಂಡು ಅಡಿಕೆ, ಮಡಚಿದ ಬಸ್ ಟಿಕೆಟು ಸಿಕ್ಕವು. ಮೀನು ಸಿಗಲಿಲ್ಲ.

"ಇನ್ನೊಮ್ಮೆ ನೋಡು," ಎಂದರು ಅತ್ತೆ ಭರಮಮ್ಮ, ಸೋಫಾದಿಂದ ಏಳದೆ. "ರಾತ್ರಿ ಐದೂ ಇದ್ವು. ಮುಂಜಾನೆ ಗಾಜು ಒರೆಸಿದಾಕಿ ಇವಳು, ಮುಚ್ಚಳ ತೆಗೆದಾಕಿನೂ ಇವಳು."

ತಾಯಕ್ಕ ಎರಡೂ ಕೈ ಎತ್ತಿ ನಿಂತಿದ್ದಳು. "ಮೀನೇನು ಎಲಿ ಅಡಿಕೇನ್ರೀ, ಉಡ್ಯಾಗ ಕಟ್ಟಿಕೊಳ್ಳಾಕ?"

"ನಾವಂತೂ ಅದನ್ನ ಮುಟ್ಟಂಗಿಲ್ಲ. ನಿಮ್ಮ ಮಂದಿಗೆ ಮೀನು ಕಂಡ್ರ ಸುಮ್ನಿರಾಕ ಆಗತೈತೇನು?"

"ಡ್ಯಾಮಿನ ಮೀನು ತಿಂದ ಬಾಯ್ರೀ ನಮ್ದು. ಈ ಎರೆಹುಳದಂಥವನ್ನ ತಗೊಂಡು ಯಾವ ಸಾರು ಮಾಡ್ಲಿ?"

ಹಾಲಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಿದ್ದ ಪಕ್ಕದ ಮನೆಯ ಗಂಗೋತ್ರಿ ಬಾಗಿಲಲ್ಲೇ ನಿಂತು ನಕ್ಕಳು. ಭರಮಮ್ಮ ನಗಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದರು. ತಾಯಕ್ಕ ನೆಲಕ್ಕೆ ಬಿದ್ದ ಅಡಿಕೆ ಎತ್ತಿ, ಒರೆಸಿ, ಮತ್ತೆ ಉಡಿಗೆ ಕಟ್ಟಿಕೊಂಡು ಹೊರಟಳು. ಕಾವ್ಯಳ ಬಾಣಂತನದಲ್ಲಿ ಎಣ್ಣೆ ಹಚ್ಚಿ ನೀರು ಹಾಕಿದವಳು ಅವಳೇ. ಕೂಸು ತೊಡೆಯಿಂದ ಜಾರದಂತೆ ಕಾಲು ನೀಡಿ ಕೂಡುವುದನ್ನು ಕಲಿಸಿದವಳೂ ಅವಳೇ. ಹೋಗುವಾಗ ಕಾವ್ಯಳ ಮುಖ ನೋಡಲಿಲ್ಲ.

ಮನೆಯವರ ಗಿರಣಿಯಲ್ಲಿ ವ್ಯಾಪಾರ ಮಂದವಾಗಿದೆ, ಈಶಾನ್ಯಕ್ಕೆ ಜೀವವಿರುವ ನೀರು ಇಡಿ ಎಂದು ವಾಸ್ತುವಿನವನು ಹೇಳಿದ್ದ. ಕಾವ್ಯಳ ಗಂಡ ಮಾಲತೇಶ್ ಹಿಂದಿನ ದಿನವಷ್ಟೇ ಬಳ್ಳಾರಿಯಿಂದ ಗಾಜಿನ ತೊಟ್ಟಿ, ನುಣ್ಣನೆಯ ಮರಳು, ಒಂದೆರಡು ನೀರುಗಿಡ ಮತ್ತು ಲೋಚ್ ಎಂಬ ಆ ಮೀನುಗಳನ್ನು ತಂದಿದ್ದ. ಬೆರಳುದ್ದ, ಹಾವಿನಂಥ ಮೈ, ಕಪ್ಪು ಕಿತ್ತಳೆ ಪಟ್ಟೆ, ಮೂತಿಗೆ ಸಣ್ಣ ಮೀಸೆ. ಮೀನಿನ ಬಗ್ಗೆ ಆ ಮನೆಗೆ ಗೊತ್ತಿದ್ದದ್ದು ಒಂದೇ, ಅದನ್ನು ಯಾರು ತಿನ್ನುತ್ತಾರೆ ಎಂಬುದು.

ತಾಯಕ್ಕ ಹೋದ ದಿನವೇ ಸಂಜೆ ಕಾವ್ಯ ತೊಟ್ಟಿಯ ದೀಪ ಆರಿಸಿದಳು. ಖಾಲಿ ನೀರಿಗೇಕೆ ದೀಪ ಎಂದುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಮೂಲೆಯ ಮರಳು ಉಬ್ಬಿತು. ಮೊದಲು ಮೀಸೆ, ಆಮೇಲೆ ಮೂತಿ, ಆಮೇಲೆ ಸೂಜಿಯ ಹಿಂದೆ ದಾರ ಬಂದಂತೆ ಇಡೀ ಮೈ. ಅದರ ಹಿಂದೆ ಮತ್ತೊಂದು, ಹೀಗೆ ಐದೂ. ಗಾಬರಿಯಲ್ಲಿ ದೀಪ ಹಾಕಿದಳು. ಎಲ್ಲವೂ ಮೂತಿ ತಗ್ಗಿಸಿ ಮರಳಿಗೆ ನುಗ್ಗಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಮರಳು ಗುಡಿಸಿಟ್ಟ ಅಂಗಳದಂತಾಯಿತು.

"ಅತ್ತಿ" ಎನ್ನಲು ಬಾಯಿ ತೆರೆದಳು. ಭರಮಮ್ಮ ಒಳಗೆ ಕಂಪ್ಲಿಯ ತಂಗಿಯೊಂದಿಗೆ ಫೋನಿನಲ್ಲಿದ್ದರು. "ಕೈಯಾರೆ ಕದ್ದಾಳವಾ. ನಮ್ಮ ಕಾವ್ಯಾನೇ ಹುಡುಕಿದ್ಲು." ಕಾವ್ಯ ಬಾಯಿ ಮುಚ್ಚಿಕೊಂಡಳು. ನಾಳೆ ಹೇಳೋಣ ಎಂದುಕೊಂಡಳು.

ನಾಳೆ ಬಂತು. ಕಾವ್ಯ ತೊಟ್ಟಿಯ ದೀಪ ಆರಿಸುವುದನ್ನು ಬಿಟ್ಟಳು. ಹಗಲೂ ರಾತ್ರಿ ಅದು ಉರಿಯಿತು. ಯಾಕೆ ಎಂದು ಮಾಲತೇಶ್ ಕೇಳಿದ್ದಕ್ಕೆ, ನೀರೊಳಗಿನ ಗಿಡಕ್ಕೆ ಬೆಳಕು ಬೇಕಂತೆ ಎಂದಳು. ವಾಸ್ತುವಿನ ನೀರು ಚೆಲ್ಲಬಾರದೆಂದು ತೊಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಎಲ್ಲರೂ ಊಟಕ್ಕೆ ಕುಳಿತಾಗ ಚಿಟಿಕೆ ಆಹಾರವನ್ನು ಕಳ್ಳಿಯಂತೆ ಮರಳ ಮೇಲೆ ಉದುರಿಸಿ ಬರುತ್ತಿದ್ದಳು.

"ನಿಮ್ಮ ತಾಯಕ್ಕನ್ನ ಡಾಕ್ಟರ್ ಮನ್ಯಾಗೂ ಬಿಡಿಸ್ಯಾರ," ಎಂದಳು ಗಂಗೋತ್ರಿ ಒಂದು ದಿನ, ಕಾಂಪೌಂಡಿನ ಮೇಲಿಂದ. "ಬ್ಯಾಂಕಿನವರೂ ಬ್ಯಾಡಂದ್ರಂತ. ನಾನೂ ಬ್ಯಾಡಂದೆ. ಕಣ್ಣಾರೆ ಕಂಡೀನಲ್ಲ. ಈಗ ಪಾಪಿನಾಯಕನಹಳ್ಳಿಗೆ ಕಳೆ ತೆಗೆಯಾಕ ಹೊಕ್ಕಾಳಂತ."

"ನೀವೇನು ಕಂಡ್ರಿ, ಅಕ್ಕಾ?"

"ನೀನು ಉಡಿ ಹುಡುಕಿದ್ದು ಕಂಡೆ. ಸುಮ್ಸುಮ್ನ ಹುಡುಕ್ತಾರೇನು?"

ಆ ವಾರ ಬಸ್‌ಸ್ಟ್ಯಾಂಡಿನ ಎದುರು ತಾಯಕ್ಕ ಕಂಡಳು. ತಲೆಗೆ ಟವೆಲು ಸುತ್ತಿ, ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಬಸ್ಸಿನಿಂದ ಇಳಿಯುತ್ತಿದ್ದಳು. ಕಾವ್ಯ ಕಂಕುಳಿನ ಕೂಸಿನ ಮುಖಕ್ಕೆ ಸೆರಗು ಎಳೆದು ಪಕ್ಕದ ಬಳೆ ಅಂಗಡಿಗೆ ಹೊಕ್ಕಳು. "ಯಾವ ಸೈಜು ಅಮ್ಮಾ?" ಎಂದು ಅಂಗಡಿಯವನು ಕೇಳುತ್ತಲೇ ಇದ್ದ. ಕೂಸಿಗೆ ತಾಯಕ್ಕನ ದನಿ ಕೇಳಿಸಿತೋ ಏನೋ, ಸೆರಗು ಸರಿಸಿ ಬೀದಿಯತ್ತ ಕೈ ಚಾಚಿ ಕೇಕೆ ಹಾಕಿತು. ತಾಯಕ್ಕ ಒಮ್ಮೆ ತಿರುಗಿದಳು. ಕೂಸನ್ನು ನೋಡಿ ನಗು ಬಂದಿತ್ತು. ಕಾವ್ಯಳನ್ನು ನೋಡಿ ಅದು ನಿಂತಿತು.

ಮರುದಿನ ಮುಸ್ಸಂಜೆ ಕರೆಂಟು ಹೋಯಿತು. ಕಾವ್ಯ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಐದೂ ಹೊರಗಿದ್ದವು. ಕಿಟಕಿಯ ಮಬ್ಬು ಬೆಳಕಿನಲ್ಲಿ ಒಂದರ ಮೇಲೊಂದು ಹೊರಳಿ ಗಾಜು ಹತ್ತಿ ಇಳಿಯುತ್ತಿದ್ದವು. ತೊಟ್ಟಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು.

"ಸರಿ ಆಕಡೆ," ಎಂದರು ಭರಮಮ್ಮ. ಆಗಲೇ ಕಂಡಿದ್ದರು. ಮೊಬೈಲಿನ ಬ್ಯಾಟರಿ ಬೆಳಕು ಬಿಟ್ಟರು. ಮೀನುಗಳು ಮರಳಿಗೆ ಹೊಕ್ಕವು. ಆರಿಸಿ ಕಾದರು. ಒಂದು ಮೀಸೆ ಮೇಲೆ ಬಂತು. ಅವರು ತೊಟ್ಟಿಯ ದೀಪದ ಸ್ವಿಚ್ಚನ್ನು ನೋಡಿದರು, ಸೊಸೆಯ ಮುಖ ನೋಡಿದರು.

"ನಿನಗ ಗೊತ್ತಿತ್ತು."

ಕಾವ್ಯ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು. ಭರಮಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟರು. "ಚಲೋ ಮಾಡಿದಿ. ಮನಿ ಮರ್ಯಾದಿ ಕಾದಿ. ನಿಮ್ಮವ್ವ ಭಾಳ ಚಲೋ ಕಲಿಸ್ಯಾಳ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಕೈ ಬೆನ್ನ ಮೇಲೆ ಸವರುತ್ತಿದ್ದಂತೆ ಅವಳಿಗೆ ಮೈಮೇಲಿನ ಸೀರೆ ಸಮೇತ ನೆಲಕ್ಕೆ ಇಳಿದುಹೋಗಬೇಕೆನಿಸಿತು.

ಗೇಟು ಕಿರುಗುಟ್ಟಿತು. "ಭರಮಕ್ಕಾ, ನಿಮ್ಮ ಮನ್ಯಾಗೂ ಹೋತೇನ್ರೀ ಕರೆಂಟು?" ಗಂಗೋತ್ರಿ ಮೆಟ್ಟಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

ಭರಮಮ್ಮ ಬ್ಯಾಟರಿ ಹಚ್ಚಿ ಮೊಬೈಲನ್ನು ಕಾವ್ಯಳ ಕೈಗೆ ತುರುಕಿದರು. "ಜಲ್ದಿ. ಆಕಿ ಹೋಗೋತನಕ ತೊಟ್ಟಿಗೆ ಹಿಡಿ. ಒಳಗ ಇರ್ಲಿ ಅವು."

"ನಾ ಹಿಡಿಯಂಗಿಲ್ಲ ಅತ್ತಿ."

"ಏನಂದಿ?"

"ಹಿಡಿಯಂಗಿಲ್ಲ."

ಎರಡನೆಯ ಸಲ ಅಂದದ್ದು ಬಾಗಿಲವರೆಗೂ ಕೇಳಿಸಿತು. ಕಾವ್ಯ ಮೊಬೈಲನ್ನು ಬೆಳಕು ಕೆಳಗಾಗುವಂತೆ ಸೋಫಾದ ಮೇಲೆ ಬೋರಲಿಟ್ಟಳು. ಹೊಸ್ತಿಲಲ್ಲಿ ನಿಂತ ಗಂಗೋತ್ರಿ ಒಬ್ಬೊಬ್ಬರ ಮುಖ ನೋಡಿದಳು. ಕಾವ್ಯ ತೊಟ್ಟಿಯ ಮುಂದಿನಿಂದ ಪಕ್ಕಕ್ಕೆ ಸರಿದು ನಿಂತಳು.