ಅಣ್ಣ ಹೀಗಂತಿದಾನೆ

ಪುಟ್ಟಿಗೆ ಅರವತ್ತಾರು ವಯಸ್ಸು. ಅರವತ್ತಾರಕ್ಕೂ ಪುಟ್ಟಿಯೇ! ಹುಟ್ಟಿದ ದಿನ ಅಣ್ಣ ಬಗ್ಗಿ ನೋಡಿ ಕರೆದ ಹೆಸರು ಹಾಗೇ ಉಳಿದುಬಿಟ್ಟಿತು. ಆ ಅಣ್ಣನಾದರೂ ಅಂಥಿಂಥವನಲ್ಲ. ಅವನ ಕಾದಂಬರಿ ಓದದವರೂ ಓದಿದ್ದೇವೆ ಎಂದು ಹೇಳಿಕೊಳ್ಳುವಷ್ಟು ದೊಡ್ಡ ಹೆಸರು. ರಸ್ತೆ ತುದಿಯ ಕ್ಷೌರದಂಗಡಿಯವನು ಅವನ ಫೋಟೋವನ್ನು ಕನ್ನಡಿಯ ಮೇಲೆ ಅಂಟಿಸಿಕೊಂಡು, ಈ ತಲೆಗೆ ಕತ್ತರಿ ಹಾಕುವವನು ನಾನೇ ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಪುಟ್ಟಿಯ ಫೋಟೋ ಎಲ್ಲೂ ಇರಲಿಲ್ಲ. ಇರಬೇಕು ಎಂದು ಅವಳಿಗೂ ಅನ್ನಿಸಿರಲಿಲ್ಲ ಬಿಡಿ.

ಮೂರು ವರ್ಷದ ಹಿಂದೆ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಎಡಗೈಯಲ್ಲಿ ಚಮಚ ಹಿಡಿಯುವುದೇ ಹೆಚ್ಚು, ಪೆನ್ನಿನ ಮಾತು ದೂರವೇ ಉಳಿಯಿತು. ತಲೆ ಮಾತ್ರ ಮೊದಲಿನಷ್ಟೇ ಚುರುಕು, ನಾಲಿಗೆ ಕೆಟ್ಟಿತ್ತು. ಬಾಯಿ ತುಂಬ ಬಟ್ಟೆ ತುರುಕಿಕೊಂಡವನ ಹಾಗೆ ಬುಳುಬುಳು ಎನ್ನುತ್ತಿದ್ದ. ಡಾಕ್ಟರಿಗೆ ಅರ್ಥವಾಗಲಿಲ್ಲ. ವರ್ಷಗಟ್ಟಲೆ ಅವನ ಜೊತೆ ಕೂತು ಕಾಫಿ ಕುಡಿದ ಪ್ರಕಾಶಕನಿಗೂ ಅರ್ಥವಾಗಲಿಲ್ಲ. ಪುಟ್ಟಿಗೆ ಮಾತ್ರ ಒಂದಕ್ಷರ ಬಿಡದೆ ತಿಳಿಯುತ್ತಿತ್ತು.

ಇದರಲ್ಲಿ ಪವಾಡವೇನೂ ಇಲ್ಲ. ಅವಳು ನಿವೃತ್ತಿಯಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಆಗಿನ ಟ್ರಂಕ್ ಕಾಲುಗಳೆಂದರೆ ಕೇಳಬೇಕೆ! ಒಂದು ಕಡೆ ಗಾಳಿ, ಇನ್ನೊಂದು ಕಡೆ ಕರಕರ ಸದ್ದು, ಮಧ್ಯೆ ಯಾರದೋ ಅಳು. 'ಏನಂದ್ರು, ಏನಂದ್ರು?' ಎಂದು ಈ ತುದಿಯವರು ಕೂಗುವರು. ಆ ತುದಿಯ ಮಾತನ್ನು ಹೆಕ್ಕಿ ಇವಳು ಈ ತುದಿಗೆ ದಾಟಿಸುವಳು. ನಡುವೆ ತನ್ನದೊಂದು ಮಾತು ಸೇರಿಸುವ ಹಾಗಿರಲಿಲ್ಲ. ಸೇರಿಸಿದರೆ ಸೂಪರ್‌ವೈಸರಮ್ಮ ಸುಮ್ಮನೆ ಬಿಡುವ ಪೈಕಿಯಲ್ಲ. ಅಷ್ಟು ವರ್ಷಗಳಲ್ಲಿ ಪುಟ್ಟಿ ಒಂದು ಸಲವೂ ಬೈಸಿಕೊಂಡವಳಲ್ಲ.

ಮನೆಗೆ ಬಂದ ಮೇಲೆ ಅಣ್ಣನ ಕೆಲಸ. ಅವನು ಗೀಚಿದ್ದನ್ನು ಶುದ್ಧಪ್ರತಿ ಮಾಡುವುದು, ಬಂದ ಅಭಿಮಾನಿಗಳನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವುದು, ಅವನು ಬರೆಯುವ ಹೊತ್ತಿನಲ್ಲಿ ಕುಕ್ಕರು ಕೂಗದಂತೆ ನೋಡಿಕೊಳ್ಳುವುದು. ಎಕ್ಸ್‌ಚೇಂಜಿನ ಲೈನ್ ಇನ್‌ಸ್ಪೆಕ್ಟರ್ ಒಬ್ಬ ಅವಳನ್ನು ಮದುವೆಯಾಗುತ್ತೇನೆ ಎಂದಿದ್ದ. ಒಳ್ಳೆಯವನೇ. 'ಅಣ್ಣನ ಈ ಕಾದಂಬರಿ ಮುಗೀಲಿ' ಎಂದಳು ಪುಟ್ಟಿ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಿತ್ತು. ಪಾಪ, ಆತ ಎರಡು ಕಾದಂಬರಿಯಷ್ಟು ಕಾದ. ಮೂರನೆಯದಕ್ಕೆ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದ. ಅಣ್ಣನೇ ತಂಗಿಯ ಬಾಳು ಹಾಳು ಮಾಡಿದ ಎಂದು ಜನ ಆಡಿಕೊಂಡರು. ಅಣ್ಣ ಬೇಡ ಎಂದಿರಲಿಲ್ಲ. ಅವನನ್ನು ಕೇಳಿದ್ದರೆ ತಾನೆ ಬೇಕೋ ಬೇಡವೋ ಅನ್ನುವುದು!

ಈಗ ಅಣ್ಣನ ಮಾತು ಲೋಕಕ್ಕೆ ಮುಟ್ಟುತ್ತಿದ್ದದ್ದು ಪುಟ್ಟಿಯ ಬಾಯಿಂದ. ಆದರೆ ಎಕ್ಸ್‌ಚೇಂಜಿನ ನಿಯಮ ಮನೆಯಲ್ಲಿ ನಡೆಯಲಿಲ್ಲ. ನಡೆಸಿದ್ದರೆ ಮನೆಗೆ ಕಾಲಿಡುವವರೇ ಇರುತ್ತಿರಲಿಲ್ಲ. ಒಮ್ಮೆ ಕವಿಯೊಬ್ಬ ದಪ್ಪನೆಯ ಸಂಕಲನ ಹಿಡಿದು ಬಂದು, ಕೇಳದೆಯೇ ಏಳು ಪದ್ಯ ಓದಿದ. ಅಣ್ಣ ಬುಳುಬುಳು ಎಂದ.

'ಏನಂತಾರೆ ಸರ್?' ಕವಿಯ ಮುಖ ಅರಳಿತ್ತು.

'ಈ ಕತ್ತೆಗೆ ಬಾಗಿಲು ಯಾವ ಕಡೆ ಅಂತ ತೋರಿಸೇ' ಎಂದಿದ್ದ ಅಣ್ಣ. ಪುಟ್ಟಿ ಕಣ್ಣು ಮಿಟುಕಿಸದೆ, 'ಅಣ್ಣ ಹೀಗಂತಿದಾನೆ, ನಿಮ್ಮ ಪದ್ಯಗಳಲ್ಲಿ ಉಸಿರಿದೆಯಂತೆ' ಎಂದಳು. ಕವಿ ಅಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಅವನು ಮೆಟ್ಟಿಲು ಇಳಿಯುವವರೆಗೆ ತಡೆದುಕೊಂಡಿದ್ದ ಅಣ್ಣ ಅರ್ಧ ಬಾಯಲ್ಲಿ ನಗತೊಡಗಿದ; ನಕ್ಕು ನಕ್ಕು ಕಣ್ಣಲ್ಲಿ ನೀರು. ಪುಟ್ಟಿ ಅವನ ಜೊಲ್ಲು ಒರೆಸಿದಳು. ಆಮೇಲೆ ಅದೊಂದು ಆಟವೇ ಆಯಿತು. ಯಾರಾದರೂ ದೊಡ್ಡ ಮನುಷ್ಯರು ಬಂದರೆ ಸಾಕು, ಅಣ್ಣ ಬೇಕೆಂದೇ ಬಾಯಿಗೆ ಬಂದದ್ದು ಬೈಯುವನು. ಇವಳು ಅದಕ್ಕೆ ಸಕ್ಕರೆ ಸುರಿದು ದಾಟಿಸುವಳು.

ಅವಳು ಮಾತ್ರ ನಗುತ್ತಿರಲಿಲ್ಲ. ಅಣ್ಣ ಬಿದ್ದ ದಿನ ಅವಳಿಗೆ ಅಳು ಬಂದಿರಲಿಲ್ಲ, ಆಮೇಲೆ ನಗುವೂ ಬರಲಿಲ್ಲ. ಬಿಸಿ ಪಾತ್ರೆಯನ್ನು ಬರಿಗೈಲಿ ಇಳಿಸಿ, ಬೊಬ್ಬೆ ಎದ್ದ ಮೇಲೆ, ಓ ಸುಟ್ಟಿದೆ ಎಂದು ನೋಡಿಕೊಳ್ಳುವಳು. ಹೇಗಿದ್ದೀರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: 'ನಡೀತಿದೆ.' ಊಟ ಯಾವಾಗ ಮಾಡಿದೆ, ಏನು ಮಾಡಿದೆ ಎಂದು ಕೇಳಿದರೆ ಅಡುಗೆಮನೆಗೆ ಹೋಗಿ ತೊಳೆದಿಟ್ಟ ತಟ್ಟೆ ನೋಡಿ ಹೇಳಬೇಕು. ಸುಸ್ತು ಎಂದೂ ಅನ್ನಿಸುತ್ತಿರಲಿಲ್ಲ. ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ.

ಇಂಥ ಹೊತ್ತಿನಲ್ಲಿ ಅವಳ ಗೆಳತಿಯ ಫೋನು ಬಂತು. ಎಕ್ಸ್‌ಚೇಂಜಿನಲ್ಲಿ ಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದವಳು. ಬಾಳೆಲ್ಲ ಹೆಡ್‌ಫೋನು ಹಾಕಿಕೊಂಡು ಅವಳ ಕಿವಿ ಮಂದವಾಗಿತ್ತು. ಹಾಗಾಗಿ ಅವಳು ಫೋನಿನಲ್ಲಿ ಮಾತಾಡಿದರೆ ರಿಸೀವರಿನಿಂದ ಇಡೀ ಮನೆಗೆ ಕೇಳುತ್ತಿತ್ತು. ಫೋನು ಇದ್ದದ್ದು ಅಣ್ಣನ ಕೋಣೆಯ ಬಾಗಿಲ ಪಕ್ಕದಲ್ಲೇ.

'ಪುಟ್ಟೀ, ಕೇಳಿಲ್ಲಿ. ನಮ್ಮನೆ ಹಿಂದಿನ ರೂಮು ಖಾಲಿಯಾಯ್ತು ಕಣೇ. ಬಂದುಬಿಡು. ಬೆಳಿಗ್ಗೆ ಎದ್ದು ಇಬ್ರೂ ವಾಕಿಂಗ್ ಹೋಗೋಣ, ಸಿನಿಮಾ ನೋಡೋಣ, ಜಗಳ ಆಡೋಣ. ನನಗೂ ಒಬ್ಬಳೇ ಇದ್ದು ಇದ್ದು ತಲೆ ಕೆಟ್ಟಿದೆ.'

'ಅಣ್ಣ?'

'ಅಣ್ಣನಿಗೆ ನರ್ಸ್ ನೋಡಿದೀನಿ. ಗಟ್ಟಿಗಿತ್ತಿ, ಹದಿನೈದು ವರ್ಷ ಆಸ್ಪತ್ರೇಲಿ ಇದ್ದೋಳು. ನಿಮ್ಮ ಪ್ರಕಾಶಕರ ಹತ್ರಾನೂ ಮಾತಾಡಿದೀನಿ, ಖರ್ಚೆಲ್ಲ ಅವರದ್ದು. ಇನ್ನೇನೇ ಬೇಕು ನಿಂಗೆ? ಭಾನುವಾರದೊಳಗೆ ಹೇಳು. ಆಮೇಲೆ ನಾನು ಬಾಡಿಗೆಗೆ ಕೊಟ್ಟುಬಿಡ್ತೀನಿ.'

'ಅಣ್ಣನ್ನ ಒಂದು ಮಾತು ಕೇಳ್ತೀನಿ. ಅವನು ಹೂಂ ಅಂದ್ರೆ ಬರ್ತೀನಿ' ಎಂದಳು ಪುಟ್ಟಿ.

ಫೋನಿಟ್ಟು ಕೋಣೆಗೆ ಹೋದರೆ ಅಣ್ಣ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಎಲ್ಲ ಕೇಳಿಸಿದೆ ಎಂದು ಅವಳಿಗೂ ಗೊತ್ತು. ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತದೆಯೆ? ಅವಳು ದಿಂಬು ಸರಿಮಾಡಿದಳು. 'ಸೂಪು ಕುಡೀತೀಯಾ?' ಎಂದಳು. ಅವನು ಬಾಯಿ ತೆರೆದ. ಅವನು ಹೇಳುವ ಮೊದಲೇ ಅವಳು ಅಡುಗೆಮನೆಯಲ್ಲಿದ್ದಳು.

ಬುಧವಾರ ಕೇಳಲಿಲ್ಲ, ಔಷಧಿ ಅಂಗಡಿಗೆ ಹೋಗಬೇಕಿತ್ತು. ಗುರುವಾರ ಅಣ್ಣನಿಗೆ ಕೆಮ್ಮು. ಶುಕ್ರವಾರ ಏನಾಗಿತ್ತೋ ಅವಳಿಗೇ ನೆನಪಿಲ್ಲ. ಆ ದಿನಗಳಲ್ಲಿ ಒಮ್ಮೆ ಮಾತ್ರ, ಬಟ್ಟೆ ಮಡಿಸುತ್ತಿದ್ದವಳಿಗೆ ಆ ಹಿಂದಿನ ರೂಮಿನ ಕಿಟಕಿ ಯಾವ ಕಡೆಗಿದೆ ಎಂಬ ಯೋಚನೆ ಬಂತು. ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು.

ಶನಿವಾರ ರೇಡಿಯೋದವನು ಬಂದ. ಅಣ್ಣನಿಗೆ ಎಪ್ಪತ್ತೈದು ತುಂಬುತ್ತಿತ್ತು, ಅದಕ್ಕೊಂದು ವಿಶೇಷ ಕಾರ್ಯಕ್ರಮ. ಮಂಚದ ಪಕ್ಕ ಸ್ಟೂಲಿನ ಮೇಲೆ ರೆಕಾರ್ಡರ್ ಇಟ್ಟು, ಅಣ್ಣನ ಬಾಯಿಯ ಹತ್ತಿರ ಒಂದು ಮೈಕು, ಪುಟ್ಟಿಯ ಹತ್ತಿರ ಒಂದು ಮೈಕು ಇಟ್ಟ. ಒಳ್ಳೆಯ ಮನುಷ್ಯ, ಶ್ರದ್ಧೆಯಿಂದ ಎಲ್ಲ ಓದಿಕೊಂಡು ಬಂದಿದ್ದ. ಬಾಲ್ಯದ ಬಗ್ಗೆ ಕೇಳಿದ, ಮೊದಲ ಕಾದಂಬರಿಯ ಬಗ್ಗೆ ಕೇಳಿದ. ಅಣ್ಣ ಆ ದಿನ ಆಟವಾಡಲಿಲ್ಲ. ಒಂದು ಬೈಗುಳವೂ ಇಲ್ಲದೆ ನೆಟ್ಟಗೆ ಉತ್ತರ ಕೊಟ್ಟ. ಪುಟ್ಟಿಯೂ ಇದ್ದದ್ದನ್ನು ಇದ್ದ ಹಾಗೆ ದಾಟಿಸಿದಳು. ಕೆಲಸ ಹಗುರಾಗಿತ್ತು.

'ಕೊನೇ ಪ್ರಶ್ನೆ ಸರ್' ಎಂದ ರೇಡಿಯೋದವನು. 'ಇಡೀ ಜೀವನ ನಿಮಗಾಗಿ ಮುಡಿಪಿಟ್ಟ ನಿಮ್ಮ ತಂಗಿ ಇಲ್ಲೇ ಕೂತಿದಾರೆ. ಅವರ ಬಗ್ಗೆ ಏನು ಹೇಳ್ತೀರಿ?'

ಪುಟ್ಟಿ ಸೀರೆಯ ಸೆರಗು ಸರಿಮಾಡಿಕೊಂಡಳು. ಇಷ್ಟು ವರ್ಷ ಬಂದುಹೋದವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಅಣ್ಣ ಅವಳ ಕಡೆ ನೋಡಲಿಲ್ಲ. ರೇಡಿಯೋದವನ ಮುಖವನ್ನೇ ನೋಡುತ್ತ, ಒಂದೊಂದೇ ಮಾತನ್ನು ನಾಲಿಗೆಯಿಂದ ತಳ್ಳಿ ತಳ್ಳಿ, ನಿಧಾನವಾಗಿ ಹೇಳಿದ. ಹೊರಗಿನವರಿಗೆ ಅದೇ ಬುಳುಬುಳು. ಪುಟ್ಟಿಗೆ ಇಷ್ಟು ಸ್ಪಷ್ಟವಾಗಿ ಅವನು ಮಾತಾಡಿದ್ದು ಮೂರು ವರ್ಷದಲ್ಲಿ ಕೇಳಿಸಿರಲಿಲ್ಲ.

'ಅವಳನ್ನ ಗೆಳತಿ ಮನೆಗೆ ಕಳಿಸಿಕೊಡಪ್ಪಾ. ನನಗೆ ನರ್ಸ್ ಸಾಕು. ನನಗೋಸ್ಕರ ಅಂತ ಅವಳು ಇನ್ನು ಒಂದು ದಿನವೂ ಇಲ್ಲಿರೋದು ಬೇಡ. ಅವಳಾಗೇ ಕೇಳಲ್ಲ, ನನ್ನ ಬಾಯಿಂದ ಕೇಳಿಸಿಕೊಳ್ಳೋದೂ ಇಲ್ಲ. ನೀನಾದ್ರೂ ಹೇಳು.'

ರೇಡಿಯೋದವನು ಪುಟ್ಟಿಯ ಕಡೆ ತಿರುಗಿ, ಹೇಳಿ ಎನ್ನುವಂತೆ ಹುಬ್ಬೇರಿಸಿದ.

ಅಯ್ಯೋ, ಹೇಳಬಾರದಿತ್ತೆ! ಬಾಗಿಲನ್ನು ಅಣ್ಣನೇ ತೆಗೆದು ಹಿಡಿದಿದ್ದ. ಅವನು ಹೇಳಿದ್ದನ್ನು ಹಾಗೇ ಹೇಳಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋಗಬೇಕಿತ್ತು, ಅಷ್ಟೇ. ಪುಟ್ಟಿ ಮೈಕಿನ ಕಡೆ ಬಗ್ಗಿದಳು. 'ಅಣ್ಣ ಹೀಗಂತಿದಾನೆ' ಎಂದಳು. ಅವಳ ದನಿ ಎಕ್ಸ್‌ಚೇಂಜಿನ ದನಿಯಂತೆ ಸಮವಾಗಿತ್ತು. 'ನನ್ನ ತಂಗಿ ಇಲ್ಲದೆ ನನಗೆ ಒಂದು ದಿನವೂ ಆಗೋದಿಲ್ಲ ಅಂತ.'

ಅಣ್ಣ ತಲೆ ಅಲ್ಲಾಡಿಸಿದ. ಇಲ್ಲ, ಇಲ್ಲ ಎಂದು ದಿಂಬಿನ ಮೇಲೆ ಆ ಕಡೆ ಈ ಕಡೆ ಹೊರಳಿಸಿದ. ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದ. ಕಣ್ಣಲ್ಲಿ ನೀರು ಬಂತು.

ರೇಡಿಯೋದವನ ಕಣ್ಣೂ ತುಂಬಿತು. 'ಸರ್ ತುಂಬಾ ಭಾವುಕರಾಗಿಬಿಟ್ಟಿದಾರೆ. ಇಲ್ಲಿಗೇ ಸಾಕಮ್ಮ' ಎಂದು ಪಿಸುಗುಟ್ಟಿ ಮೈಕು ತೆಗೆದ. ಸರಿಯಾಗಿ ಬಂದಿದೆಯೇ ನೋಡೋಣ ಎಂದು ಕೊನೆಯ ಭಾಗವನ್ನು ಮತ್ತೆ ಹಾಕಿದ. ಅಣ್ಣನ ಮಾತು ಪೆಟ್ಟಿಗೆಯಿಂದ ಇನ್ನೊಂದು ಸಲ ಬಂತು: ಕಳಿಸಿಕೊಡಪ್ಪಾ, ನರ್ಸ್ ಸಾಕು, ಒಂದು ದಿನವೂ ಬೇಡ. ಅದರ ಬೆನ್ನಿಗೆ ಅವಳ ದನಿ.

'ಏನಾದ್ರೂ ಬಿಟ್ಟುಹೋಗಿದೆಯಾಮ್ಮ? ಬೇಕಿದ್ರೆ ಇನ್ನೊಂದು ಸಲ ತೊಗೋಬಹುದು.'

'ಇಲ್ಲ' ಎಂದಳು ಪುಟ್ಟಿ. 'ಸರಿಯಾಗಿದೆ.'

ಅವನು ವೈರು ಸುತ್ತಿಕೊಂಡು ಹೋದ. ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ಪುಟ್ಟಿ ಅವನ ಕಣ್ಣೊರೆಸಲು ಹೋದರೆ ಮುಖವನ್ನು ದಿಂಬಿನಲ್ಲಿ ಹುದುಗಿಸಿಕೊಂಡ. ಯಾಕೆ ಹಾಗೆ ಹೇಳಿದೆ ಎಂದು ತನ್ನನ್ನೇ ಕೇಳಿಕೊಂಡಳು. ಎದೆ ಹೊಡೆದುಕೊಳ್ಳುತ್ತದೇನೋ ಎಂದು ಕೈಯಿಟ್ಟು ನೋಡಿದಳು. ಇಲ್ಲ, ಎಂದಿನಂತೆಯೇ ಇತ್ತು. ನಾಳೆ ಬೆಳಿಗ್ಗೆ ಎದ್ದು ಯಾರ ಬಾಯನ್ನೂ ಒರೆಸುವುದಿಲ್ಲ ಎಂದು ಊಹಿಸಿಕೊಳ್ಳಲು ನೋಡಿದಳು. ಎದ್ದು ಆಮೇಲೆ ಏನು ಮಾಡುವುದು ಎಂಬಲ್ಲಿಗೆ ಬಂದು ನಿಂತಳು. ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯೂ ಹೋಗಲಾಗಲಿಲ್ಲ. ಸ್ಟೂಲನ್ನು ಎತ್ತಿ ಅದರ ಜಾಗದಲ್ಲಿಟ್ಟಳು.

ಭಾನುವಾರ ಮಧ್ಯಾಹ್ನ ಗೆಳತಿ ತಾನೇ ಫೋನು ಮಾಡಿದಳು.

'ಏನೇ, ಕೇಳಿದ್ಯಾ? ಏನಂದ?'

'ಬಿಡಲ್ಲ ಅಂದ' ಎಂದಳು ಪುಟ್ಟಿ.

ಗೆಳತಿ ಶುರುಮಾಡಿದಳು. 'ಥೂ ಅವನ ಜನ್ಮಕ್ಕೆ! ಏನು ಮನುಷ್ಯನೇ ಅವನು? ಪುಸ್ತಕದಲ್ಲಿ ನೋಡಿದ್ರೆ ಊರವರ ಕಷ್ಟಕ್ಕೆಲ್ಲ ಕಣ್ಣೀರು, ಒಡಹುಟ್ಟಿದೋಳ ಕಷ್ಟ ಕಣ್ಣಿಗೆ ಬೀಳಲ್ಲ. ಸಾಯೋ ತನಕ ನಿನ್ನ ರಕ್ತ ಹೀರ್ತಾನೆ ಕಣೇ, ಸ್ವಾರ್ಥಿ!' ರಿಸೀವರಿನಿಂದ ಒಂದೊಂದು ಮಾತೂ ಕೋಣೆಯೊಳಕ್ಕೆ ಹೋಗಿ ಬೀಳುತ್ತಿತ್ತು.

ಪುಟ್ಟಿ ಅಲ್ಲ ಎನ್ನಲಿಲ್ಲ.

ಒಳಗಿನಿಂದ ಅಣ್ಣ ಕೂಗಿದ. ಇದ್ದ ಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದ. 'ಹೋಗೇ! ಹೋಗೇ ಪುಟ್ಟೀ!'

ಆ ಕೂಗು ಮಂದ ಕಿವಿಯ ಗೆಳತಿಗೂ ಕೇಳಿಸಿತು. 'ಏನಂತೆ ಅವನಿಗೆ ಈಗ?' ಎಂದಳು.

'ಕಾಫಿ ಬೇಕಂತೆ' ಎಂದು ಹೇಳಿ ಪುಟ್ಟಿ ಫೋನಿಟ್ಟಳು.