ಬೊಡ್ಡೆಗೆ ಬಿಟ್ಟ ಗಾಯ

“ನನ್ನ ಬಳ್ಳಿಗೆ ಚೂರಿ ಹಾಕಿದ ಸೂಳೆಮಗ ಯಾವನ್ಲಾ?”

ಡಾನ್ ಫೆರ್ಮಿನ್ ಹೀಗೆ ಅರಚಿದಾಗ ಅಪ್ಪ ದ್ರಾಕ್ಷಿ ಸಾಲಿನ ಮಣ್ಣಲ್ಲಿ ಮಂಡಿಯೂರಿದ್ದ, ಕಸಿ ಚಾಕು ಕೈಯಲ್ಲಿತ್ತು. ದಣಿಯ ಬೆನ್ನ ಹಿಂದೆ ತಿಹುವಾನಾ ಪಟ್ಟಣದಿಂದ ಭಾನುವಾರದ ಊಟಕ್ಕೆ ಬಂದ ಹತ್ತು ಹನ್ನೆರಡು ಮಂದಿ ವೈನ್ ಗ್ಲಾಸು ಹಿಡಿದು ನಿಂತಿದ್ದರು. ಸಾಲಿನ ಈಚೆ ನಾವು ಆರು ಜನ ಕೂಲಿಗಳು. ಯಾವನು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಇಡೀ ತೋಟದಲ್ಲಿ ಕಸಿ ಚಾಕು ಇದ್ದದ್ದು ಒಬ್ಬನ ಹತ್ತಿರ.

“ನಾನೇ ದಣಿ,” ಅಂದ ಅಪ್ಪ.

“ಮೇಲೆ ಕಸಿ ಕಟ್ಲಾ ಕುಳ್ಳ ಅಂದ್ರೆ ಕೆಳಗೆ ಬೊಡ್ಡೆ ಸೀಳಿ ಕುಂತಿದ್ದೀಯಲ್ಲೋ. ನೋಡು, ಹೆಂಗೆ ಸುರೀತಾ ಐತೆ!”

ಸುರಿಯುತ್ತಿತ್ತು, ನಿಜ. ಬೊಡ್ಡೆಯ ಎರಡು ಮಗ್ಗುಲಿಗೂ ಅಪ್ಪ ಹಾಕಿದ್ದ ಗಾಯದಿಂದ ನೀರು ತೊಟ್ಟಿಕ್ಕಿ ಬುಡದ ಮಣ್ಣು ಕಪ್ಪಗಾಗಿತ್ತು.

“ಚಳಿ ಹೋದ್ಮೇಲೆ ಬೇರು ನೀರು ನೂಕ್ತದೆ ದಣಿ. ಅದಕ್ಕೆ ಹೊರಗೆ ಹೋಗೋಕೆ ದಾರಿ ಬಿಡ್ಬೇಕು. ಇಲ್ದಿದ್ರೆ ಎಲ್ಲಾ ಮೇಲಕ್ಕೇರಿ ಕಸಿ ಮುಳುಗ್ತದೆ.”

“ನಂಗೇ ಪಾಠ ಹೇಳ್ತೀಯಾ? ನಮ್ಮಪ್ಪ ಈ ತೋಟ ಹಾಕ್ದಾಗ ನೀವು ವಹಾಕಾ ಗುಡ್ಡದಾಗೆ ಮಿಡತೆ ಹುರ್ಕೊಂಡು ತಿಂತಿದ್ರಿ!”

ಅತಿಥಿಗಳು ನಕ್ಕರು. ಬಿಳಿ ಟೋಪಿಯ ಹೆಂಗಸೊಬ್ಬಳು ನಗುವ ಭರದಲ್ಲಿ ಗ್ಲಾಸು ತುಳುಕಿಸಿಕೊಂಡಳು. ನಗು ಸಿಕ್ಕಿದ್ದೇ ದಣಿಗೆ ಹುರುಪು ಬಂತು. ಉಗ್ರಾಣದಿಂದ ಮೇಣದ ಡಬ್ಬಿ ತರಿಸಿ ಅಪ್ಪನ ಕೈಗೆ ತುರುಕಿದ.

“ಇದರ ಮ್ಯಾಲೆ ಏನ್ ಬರ್ದೈತೆ? ಎಲ್ಲಾರಿಗೂ ಕೇಳಂಗೆ ಓದು.”

ಅಪ್ಪ ಡಬ್ಬಿಯನ್ನು ನೋಡಿದ. ತಲೆಕೆಳಗಾಗಿ ಹಿಡಿದಿದ್ದ.

“‘ಗಿಡದ ಗಾಯಕ್ಕೆ ಹಚ್ಚಿ’ ಅಂತ ಐತೆ,” ಅಂದೆ ನಾನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅಷ್ಟು ಓದೋಕೆ ಬರುತ್ತದೆ.

“ನಿನ್ನ ಕೇಳಿದ್ನೇನಲಾ ಎರೋನ್? ಮುಚ್ಕೊಂಡು ನಿಂತ್ಕೋ.” ಮತ್ತೆ ಅಪ್ಪನ ಕಡೆ ತಿರುಗಿದ. “ಗಾಯಕ್ಕೆ ಹಚ್ಚು ಅಂತ ಬರ್ದೈತಂತೆ. ಹನ್ನೆರಡು ಸಾಲಿಗೂ ಹಚ್ಚು. ಕಸಿ ಹತ್ತಿದ್ರೆ ಆ ಕೋಣೆ ನಿಂದು ಅಂದಿದ್ದೆ, ನೆನಪೈತಾ? ಹೋಯ್ತೋ, ಗಂಟುಮೂಟೆ ಕಟ್ಕೊಂಡು ಸಾನ್ ಕಿಂತಿನ್ ಬಸ್ಸು ಹತ್ತು.”

ಸಾನ್ ಕಿಂತಿನ್‌ನ ಟೊಮ್ಯಾಟೊ ಹೊಲಗಳಲ್ಲಿ ನಾವು ಆರು ವರ್ಷ ದುಡಿದಿದ್ದೆವು. ಅಲ್ಲಿ ನಾವು ಸಾಲಿನಲ್ಲಿ ಬಗ್ಗಿರುವಾಗಲೇ ತಲೆಯ ಮೇಲೆ ಔಷಧಿ ಹೊಡೆಯುತ್ತಾರೆ. ಅಮ್ಮನ ಎದೆ ಕೆಟ್ಟದ್ದು ಅಲ್ಲಿ. ಉಗ್ರಾಣದ ಹಿಂದಿನ ಈ ಕೋಣೆಗೆ ತಗಡಿನ ಮಾಡು, ಒಂದೇ ಕಿಟಕಿ. ಆದರೆ ಇಲ್ಲಿ ಅವಳು ಏಳು ವರ್ಷದಿಂದ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾಳೆ. ಮತ್ತೆ ಆ ಗಾಳಿ ಕುಡಿದರೆ ಅವಳು ಉಳಿಯುವುದಿಲ್ಲ. ದಣಿಗೂ ಇದು ಗೊತ್ತಿತ್ತು.

ಅವನು ಕುರ್ಚಿ ಹಾಕಿಸಿ ಓಕ್ ಮರದ ನೆರಳಲ್ಲಿ ಕೂತ. ಅತಿಥಿಗಳು ಸುಟ್ಟ ಕುರಿಮಾಂಸ ಕಿತ್ತು ತಿನ್ನುತ್ತ ನಮ್ಮನ್ನೇ ನೋಡುತ್ತಿದ್ದರು. ಅಪ್ಪ ಬೆರಳಲ್ಲಿ ಕಂದು ಮೇಣ ತೆಗೆದು, ತಾನೇ ಹಾಕಿದ ಗಾಯಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದ.

“ಬಾಯಿ ಮುಚ್ಸೋ ಕೆಲ್ಸ,” ಅಂದಳು ನನ್ನ ಜೊತೆ ಕಸಿಗೆ ಪಟ್ಟಿ ಸುತ್ತುತ್ತಿದ್ದ ಕ್ಲಿಯೋಫಾಸ್ ಅತ್ತೆ. “ಇಷ್ಟು ದಿನ ನಮಗೆ ಮಾಡ್ತಿದ್ರು, ಈಗ ಬಳ್ಳಿಗೂ ಸುರು ಹಚ್ಕೊಂಡ್ರು.”

ನನಗೆ ನಗು ಬರಲಿಲ್ಲ. ಅಪ್ಪನ ಪಕ್ಕ ಹೋಗಿ ಕೂತೆ. “ಹಚ್ಬ್ಯಾಡ. ಇವೆಲ್ಲಾ ಸಾಯ್ತವೆ ಅಂತ ನಿಂಗೊತ್ತು. ಸತ್ರೆ ನಮ್ಮನ್ನೇ ಓಡಿಸ್ತಾನೆ. ಆ ಡಬ್ಬಿ ಅವನ ಮುಖಕ್ಕೆ ಎಸಿ.”

“ಎಸೆದ್ರೆ ಈವತ್ತೇ ಓಡಿಸ್ತಾನೆ. ಹಚ್ಚಿದ್ರೆ ಪಟ್ಟಿ ಬಿಚ್ಚೋವರ್ಗೂ ಮೂರು ವಾರ ಸಿಗ್ತದೆ.” ಅಪ್ಪ ತಲೆ ಎತ್ತಲಿಲ್ಲ. “ಹೋಗು, ನಿನ್ನ ಸಾಲು ನೋಡು.”

ಹನ್ನೆರಡನೆಯ ಸಾಲು ಇಳಿಜಾರಿನ ಆಚೆ ಇದೆ. ಓಕ್ ಮರದ ಕೆಳಗಿಂದ ಕಾಣುವುದಿಲ್ಲ. ನೀರಿನ ಕೊಡ ಎತ್ತಿಕೊಂಡು ನಾನು ಅಲ್ಲಿಗೆ ಹೋದಾಗ ಅಪ್ಪ ಬುಡದ ಒದ್ದೆ ಮಣ್ಣನ್ನೇ ಬಗೆದು ಗಾಯಗಳಿಗೆ ತೆಳ್ಳಗೆ ಮೆತ್ತುತ್ತಿದ್ದ. ದೂರಕ್ಕೆ ಬಣ್ಣ ಮೇಣದ್ದೇ. ನೋಡನೋಡುತ್ತಲೇ ಮಣ್ಣು ಬಿರಿದು ನೀರು ಒಸರತೊಡಗಿತು.

“ಏನಪ್ಪಾ ಇದು?”

“ಮೇಣ ಮುಗೀತು,” ಅಂದ.

ಡಬ್ಬಿ ಇನ್ನೂ ಅರ್ಧ ಇತ್ತು.

ಮೂರು ವಾರ ಕಳೆಯಿತು. ಮತ್ತೊಂದು ಭಾನುವಾರ, ಮತ್ತೆ ಗ್ಲಾಸುಗಳು, ಮತ್ತೆ ಅದೇ ಬಿಳಿ ಟೋಪಿ. ದಣಿ ಹೊಸ ಕಸಿ ತೋರಿಸುತ್ತೇನೆಂದು ಎಲ್ಲರನ್ನೂ ಕರೆತಂದಿದ್ದ. ತಾನೇ ಮೊದಲ ಬಳ್ಳಿಯ ಪಟ್ಟಿ ಬಿಚ್ಚಿದ. ಹುಳಿ ವಾಸನೆ ಗಪ್ಪೆಂದು ಹೊಡೆಯಿತು. ಒಳಗೆ ಚಿಗುರಬೇಕಾದ ಕಣ್ಣು ಕೊಳೆತು ಕಪ್ಪಾಗಿತ್ತು. ಎರಡನೆಯದೂ ಹಾಗೇ. ಸಾಲು ಸಾಲಾಗಿ ಬಿಚ್ಚುತ್ತ ಹೋದ ಹಾಗೆ ಅವನ ಕತ್ತು ಕೆಂಪಗಾಯಿತು.

“ಎಲ್ಲಾ ಹೊಲಸೆಬ್ಬಿಸಿ ಇಟ್ಟಿದ್ದೀಯಲ್ಲೋ ಬೋಳಿಮಗನೆ! ಸತ್ತ ಕಡ್ಡಿ ಕಟ್ಟಿದ್ದೀಯ!”

ಹನ್ನೊಂದು ಸಾಲು ಮುಗಿಸಿ ಇಳಿಜಾರು ಇಳಿದವನು ನಿಂತುಬಿಟ್ಟ. ಹನ್ನೆರಡನೆಯ ಸಾಲಿನಲ್ಲಿ ಬಳ್ಳಿ ಬಳ್ಳಿಗೂ ಹೆಬ್ಬೆರಳುದ್ದದ ಹಸಿರು ಚಿಗುರು ಪಟ್ಟಿ ಸೀಳಿಕೊಂಡು ಬಂದಿತ್ತು. ಬಿಸಿಲಲ್ಲಿ ಎಲೆಯಂಚು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು.

ದಣಿ ಬಗ್ಗಿ ಬೊಡ್ಡೆ ಕೆರೆದ. ಒಣಗಿದ ಮಣ್ಣು ಉಗುರಿಗೆ ಬಂತು.

“ಇದೇನು?” ದನಿ ಇದ್ದಕ್ಕಿದ್ದಂತೆ ಇಳಿಯಿತು. “ನಿಮ್ಮೋರ ಔಷಧಿನಾ? ಏನು ಬೆರೆಸಿದ್ದೀಯ ಇದಕ್ಕೆ, ಎಪಿಫಾನಿಯೋ?”

ಏಳು ವರ್ಷದಲ್ಲಿ ಅಪ್ಪನ ಹೆಸರು ಆ ಬಾಯಲ್ಲಿ ಬಂದದ್ದು ಅದೇ ಮೊದಲು.

“ಅವತ್ತು ಇವನು ಏನೋ ಹೇಳಿದ್ನಲ್ಲ,” ಅಂದಳು ಬಿಳಿ ಟೋಪಿಯವಳು. “ಏನಂದ ಅಂತ ನೆನಪಿಲ್ಲ.”

ಯಾರಿಗೂ ನೆನಪಿರಲಿಲ್ಲ. ಮಿಡತೆ ಮಾತ್ರ ಎಲ್ಲರಿಗೂ ನೆನಪಿತ್ತೇನೋ.

“ನೋಡು, ಕಸಿ ಕಡ್ಡಿ ಇನ್ನೂ ತಣ್ಣನೆ ಕೊಠಡಿಯಾಗೆ ಐತೆ. ಈ ವಾರದಾಗೆ ತಿರುಗಾ ಕಟ್ಟಬಹುದು. ಏನ್ ಮಾಡ್ದೆ ಹೇಳು, ಕೋಣೆ ನಿಂದೇ, ಇವರೆಲ್ಲರ ಮುಂದೆ ಹೇಳ್ತಾ ಇದ್ದೀನಿ.” ಅಪ್ಪ ಮಂಡಿಯೂರಿ ಒಂದು ಚಿಗುರಿನ ಸುತ್ತಲ ಪಟ್ಟಿಯನ್ನು ಚಾಕುವಿನಿಂದ ಸಡಿಲಿಸಿದ. “ಕಿವಿ ಕೇಳಿಸ್ತಾ ಇಲ್ವೇನೋ? ಹೇಳ್ದಿದ್ರೆ ಸಂಜೆಯೊಳಗೆ ಜಾಗ ಖಾಲಿ ಮಾಡು!”

ಉತ್ತರ ನನ್ನ ಗಂಟಲಿಗೆ ಬಂದಿತ್ತು. ನೀರಿಗೆ ದಾರಿ ಬಿಟ್ಟ ಕಣೋ ಲೌಡಿಮಗನೆ, ಅವತ್ತೇ ಹೇಳಿದ್ದ, ನಿನ್ನ ಮುಂದೆ, ಇವರೆಲ್ಲರ ಮುಂದೆ. ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡಿದ. ತಲೆ ಅಲ್ಲಾಡಿಸಲಿಲ್ಲ, ಸನ್ನೆ ಮಾಡಲಿಲ್ಲ. ಸುಮ್ಮನೆ ನೋಡಿದ. ನಾನು ನುಂಗಿಕೊಂಡೆ.

ಮೇಲೆ ಕೋಣೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ದಣಿಯ ಕಿರುಚಾಟ ಅಲ್ಲಿಯವರೆಗೂ ಕೇಳಿರಬೇಕು. ಹಗ್ಗದ ಮೇಲಿನ ಕಂಬಳಿ ಎಳೆದುಕೊಂಡು, ಕೆಮ್ಮುತ್ತ, ಸುರುಳಿ ಸುತ್ತತೊಡಗಿದಳು.

ಅಪ್ಪ ಎದ್ದು ಚಾಕು ಮಡಚಿ ಜೇಬಿಗಿಟ್ಟ. ಮಂಡಿಯ ಮಣ್ಣು ಕೊಡವಿಕೊಳ್ಳಲಿಲ್ಲ. ದಣಿಗೆ ಭುಜ ತಾಗುವಷ್ಟು ಹತ್ತಿರ ಹಾದು, ಗ್ಲಾಸುಗಳ ನಡುವೆ ದಾರಿ ಮಾಡಿಕೊಂಡು, ಕೊಳೆತ ಸಾಲುಗಳಗುಂಟ ಹತ್ತಿದ.

“ಏಯ್! ಎಪಿಫಾನಿಯೋ! ಡಾನ್ ಎಪಿಫಾನಿಯೋ!”

‘ಡಾನ್’ ಅನ್ನುವುದು ದಣಿಗಳಿಗೆ ಮಾತ್ರ ಸಲ್ಲುವ ಮರ್ಯಾದೆ; ಅಪ್ಪನ ಹಿಂದೆ ಹೊರಟಿದ್ದ ನಾನು ಹಿಂತಿರುಗಿ ನೋಡಿದೆ. ಡಾನ್ ಫೆರ್ಮಿನ್ ಉಗುರಿನ ಮಣ್ಣನ್ನು ಮೂಸಿ, ಮೆಲ್ಲಗೆ ನಾಲಗೆಗೆ ಮುಟ್ಟಿಸಿ ರುಚಿ ನೋಡುತ್ತಿದ್ದ.

ಅಪ್ಪ ತಿರುಗಿ ನೋಡದೆ ನಡೆಯುತ್ತಲೇ ಇದ್ದ.