ಒಂಬತ್ತು ಕುಂಡಗಳ ಹಟ

ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿ ಗಣಿತದ ಮೇಷ್ಟ್ರು ಬಾಯಿ ತೆರೆದು ಮಲಗಿದ್ದರು. ಡಾಕ್ಟರಮ್ಮ ದವಡೆಹಲ್ಲಿನ ಮೇಲೆ ಬೆಳಕು ಬಿಟ್ಟು ಬಗ್ಗಿದ್ದೇ ತಡ, ಎಳ್ಳುಕಾಳಿನಷ್ಟು ಸಣ್ಣ ಕಪ್ಪು ನೊಣವೊಂದು ಮೇಷ್ಟ್ರ ನಾಲಿಗೆಯ ಮೇಲೆ ಹೋಗಿ ಕೂತಿತು. ಮೇಷ್ಟ್ರು ಗಬಕ್ಕನೆ ಬಾಯಿ ಮುಚ್ಚಿದರು. ಡಾಕ್ಟರಮ್ಮನ ಬೆರಳು ಇನ್ನೂ ಒಳಗೇ ಇತ್ತು.

ಡಾಕ್ಟರಮ್ಮನ ಕೂಗು ಹೊರಗಿನ ಕೋಣೆಯಲ್ಲಿ ಚೀಟಿ ಬರೆಯುತ್ತಿದ್ದವಳಿಗೂ ಕೇಳಿಸಿತು. ಅವಳನ್ನು ಎಲ್ಲರೂ ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಹಳೇ ಡಾಕ್ಟರ ಕಾಲದಿಂದ, ಹದಿನಾರು ವರ್ಷ, ಅದೇ ಮೇಜು, ಅದೇ ಕುರ್ಚಿ. ಅವರು ನಿವೃತ್ತರಾಗಿ ಮಗಳು ಬಂದು ಎರಡು ತಿಂಗಳಾಗಿತ್ತಷ್ಟೇ. ಕಿಟಕಿಯ ಉದ್ದಕ್ಕೂ ಇದ್ದ ಒಂಬತ್ತು ಕುಂಡಗಳು ಚೀಟಿ ಅಕ್ಕನವು. ಹಲ್ಲುನೋವಿನವರು ಗೋಡೆ ನೋಡಿಕೊಂಡು ಕೂರುವ ಬದಲು ನಾಲ್ಕು ಎಲೆ ನೋಡಲಿ ಎಂದು ಒಂದೊಂದಾಗಿ ತಂದಿಟ್ಟಿದ್ದಳು.

ಡಾಕ್ಟರಮ್ಮ ಬೆರಳಿಗೆ ಹತ್ತಿ ಸುತ್ತಿಕೊಂಡು ಹೊರಗೆ ಬಂದರು.

"ಅಕ್ಕಾ, ಸಾಕು. ಆ ಕುಂಡದ ನೊಣ ಈಗ ಬಾಯಿಗೇ ಬಂತು. ಸಂಜೆಯೊಳಗೆ ಅಷ್ಟೂ ಕಸಕ್ಕೆ ಹೋಗ್ಬೇಕು."

"ಕಸಕ್ಕೆ ಹೋಗಲ್ಲ ಡಾಕ್ಟ್ರೇ."

ಕಾಯುತ್ತಿದ್ದ ನಾಲ್ಕು ಜನ ನೋವು ಮರೆತು ತಲೆಯೆತ್ತಿದರು.

"ಏನಂದ್ರಿ?"

"ಹಲ್ಲು ಹುಳುಕಾಗಿದೆ ಅಂತ ಬಂದವರದ್ದೆಲ್ಲ ಕಿತ್ತೇ ಬಿಸಾಕ್ತೀರಾ? ಮೊದಲು ಉಳಿಸೋಕೆ ನೋಡಲ್ವಾ? ಒಂದು ತಿಂಗಳು ಕೊಡಿ. ಮನೆಗೆ ಒಯ್ತೀನಿ, ವಾಸಿ ಮಾಡ್ಕೊಂಡೇ ತರ್ತೀನಿ."

ಕೆನ್ನೆ ಊದಿದ ಹೆಂಗಸೊಬ್ಬಳು "ಸರಿಯಾಗಿ ಹೇಳಿದ್ರು ನೋಡಿ" ಎಂದಳು. ಡಾಕ್ಟರಮ್ಮನ ಮುಖ ಕೆಂಪಾಯಿತು. "ಒಂದೇ ತಿಂಗಳು. ಆಮೇಲೆ ಒಂದು ನೊಣ ಕಂಡ್ರೂ ನಾನೇ ಎತ್ತಿ ಆಚೆ ಹಾಕ್ತೀನಿ."

ಮನೆಯಲ್ಲಿ ಅತ್ತೆಯ ನಾಲಿಗೆ ಡಾಕ್ಟರಮ್ಮನ ಸೂಜಿಗಿಂತ ಚೂಪು. "ಇರೋದು ಎರಡು ಕೋಣೆ. ಅದಕ್ಕೆ ನೊಣದ ಸಂಸಾರ ಬೇರೆ ಕರ್ಕೊಂಡು ಬಂದ್ಯಾ?" ಎನ್ನುತ್ತಲೇ ಒಂದು ಕುಂಡದೊಳಗೆ ಬೆರಳು ಇಳಿಸಿದರು. ಬೆರಳು ಬುಡದವರೆಗೂ ಸಲೀಸಾಗಿ ಹೋಯಿತು.

"ಇದೇನೇ, ಮಣ್ಣೋ ಕೆಸರೋ? ದಿನಾ ನೀರು ಹಾಕ್ತೀಯಾ?"

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ."

"ಹಾಗಾದ್ರೆ ನೊಣ ಎಲ್ಲಿಂದಲೋ ಬಂದಿಲ್ಲ ಕಣೇ. ನೀನೇ ಸಾಕಿದ್ದೀಯ."

ಚೀಟಿ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಮಣ್ಣಿನಲ್ಲಿ ನೊಣದ ಮರಿಹುಳು ಇದ್ದರೆ ಆಲೂಗಡ್ಡೆಗೆ ಬಂದು ಹತ್ತುತ್ತದೆ; ಅತ್ತೆಯ ಮಾತು ಸುಳ್ಳೆಂದು ತೋರಿಸಲೆಂದೇ ಅವಳು ಆಲೂಗಡ್ಡೆಯ ಬಿಲ್ಲೆಗಳನ್ನು ಕೊಯ್ದು ಪ್ರತಿ ಕುಂಡದ ಮಣ್ಣಿನ ಮೇಲೂ ಒತ್ತಿಟ್ಟಳು. ಎರಡು ದಿನ ಬಿಟ್ಟು ತಿರುವಿ ನೋಡಿದರೆ ಒಂಬತ್ತರಲ್ಲೂ ದಾರದೆಳೆಯಂಥ ಬಿಳಿ ಹುಳುಗಳು, ತುದಿಯಲ್ಲಿ ಕಪ್ಪು ತಲೆ. ಅವಳು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕಿಳಿದಳು.

ಮೇಲಿನ ಎರಡು ಬೆರಳಷ್ಟು ಮಣ್ಣು ಕೆರೆದು ತೆಗೆದು ಒಣ ಮರಳು ತುಂಬಿದಳು. ಹಳದಿ ರಟ್ಟಿಗೆ ಎಣ್ಣೆ ಸವರಿ ಕಡ್ಡಿಗೆ ಸಿಕ್ಕಿಸಿ ನೆಟ್ಟಳು. ಹಾರುವ ನೊಣಗಳು ಅದಕ್ಕೆ ಅಂಟಿ ಸತ್ತವು. ಹುಳು ಹತ್ತಿದ ಬಿಲ್ಲೆ ಎಸೆದು ಹೊಸದು ಇಟ್ಟಳು. ಇದೆಲ್ಲ ಸುಲಭ. ನೀರು ಹಾಕದೆ ಇರುವುದೇ ಕಷ್ಟ. ಹನ್ನೆರಡನೇ ದಿನ ಎಲೆ ಜೋತುಬಿದ್ದದ್ದು ನೋಡಲಾರದೆ ಚೊಂಬು ಎತ್ತಿದಾಗ ಅತ್ತೆ ಗಬಕ್ಕನೆ ಕೈ ಹಿಡಿದರು.

"ಬೆರಳಿಟ್ಟು ನೋಡು ಮೊದಲು."

ಮರಳಿನ ಕೆಳಗೆ ಮಣ್ಣು ಇನ್ನೂ ತಣ್ಣಗಿತ್ತು. ಅಂದಿನಿಂದ ಅತ್ತೆ ಚೊಂಬನ್ನೇ ಬಚ್ಚಿಟ್ಟರು.

ಎರಡು ಗಿಡಗಳ ಬೇರು ಆಗಲೇ ಕೊಳೆತಿತ್ತು, ಅವು ಉಳಿಯಲಿಲ್ಲ. ಅವನ್ನು ಕೊಂದದ್ದು ತಾನೇ ಎಂದು ಚೀಟಿ ಅಕ್ಕ ಒಪ್ಪಿಕೊಂಡಳು. ಮಿಕ್ಕ ಏಳನ್ನು ಬಿಟ್ಟುಕೊಡಲು ಮಾತ್ರ ಒಪ್ಪಲಿಲ್ಲ.

ತಿಂಗಳು ತುಂಬಿದ ಬೆಳಿಗ್ಗೆ ಏಳೂ ಕುಂಡಗಳು ಕಿಟಕಿಗೆ ಮರಳಿದವು, ನಡುವೆ ಒಂದು ಹಳದಿ ರಟ್ಟು, ಪ್ರತಿ ಕುಂಡದಲ್ಲೂ ಹೊಸ ಆಲೂಗಡ್ಡೆ ಬಿಲ್ಲೆ. ವಾರದ ಕೊನೆಗೆ ಡಾಕ್ಟರಮ್ಮ ಬಂದು ರಟ್ಟನ್ನು ಬೆಳಕಿಗೆ ಹಿಡಿದರು.

"ಒಂದು ಅಂಟಿದೆ ಅಕ್ಕಾ."

"ಬೆಳಿಗ್ಗೆಯೇ ನೋಡಿದೆ. ಕಿತ್ತು ಹಾಕಬಹುದಿತ್ತು, ಹಾಕಲಿಲ್ಲ. ಮುಂಚೆ ತಪ್ಪು ನನ್ನದೇ, ನೀರು ಸುರೀತಿದ್ದೆ. ಆದರೆ ಇದು ನನ್ನ ಮಣ್ಣಿನದಲ್ಲ."

ಅವಳು ಏಳು ಕುಂಡಗಳ ಬಿಲ್ಲೆಗಳನ್ನೂ ಸಾಲಾಗಿ ತಿರುವಿಟ್ಟಳು; ಒಂದರಲ್ಲೂ ಹುಳುವಿರಲಿಲ್ಲ. ಡಾಕ್ಟರಮ್ಮ ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ಒಂದೊಂದು ಎಲೆಯಡಿ, ಒಂದೊಂದು ಕುಂಡದಂಚಿಗೆ ಹಿಡಿದು ಹುಡುಕಿದರು. ಏನೂ ಸಿಗಲಿಲ್ಲ.

"ಮತ್ತೆ ಇದೆಲ್ಲಿಂದ ಬಂತು?"

"ಕಿಟಕಿ ಕೆಳಗೆ ಚರಂಡಿ ಬಾಯ್ತೆರೆದು ಕೂತಿದೆ. ಗಿಡ ಹೋಗಲ್ಲ ಡಾಕ್ಟ್ರೇ, ಕಿಟಕಿಗೆ ಜಾಲರಿ ಹಾಕ್ಸಿ."

ಡಾಕ್ಟರಮ್ಮ ಬಗ್ಗಿ ಹೊರಗೆ ನೋಡಿದರು. ನಗು ತಡೆಯಲು ತುಟಿ ಕಚ್ಚಿಕೊಂಡರು.

"ನಮ್ಮಪ್ಪ ಹದಿನಾರು ವರ್ಷ ನಿಮ್ಮನ್ನ ಹೇಗೆ ತಡ್ಕೊಂಡ್ರೋ!"

"ನನ್ನನ್ನೂ ಕೇಳಿ, ನಾನು ಅವರನ್ನ ಹೇಗೆ ತಡ್ಕೊಂಡೆ ಅಂತ."

ಮರುದಿನ ಬಡಗಿ ಜಾಲರಿ ಹಿಡಿದು ಬಂದ. ಮೊಳೆ ಎಲ್ಲಿ ಹೊಡೆಯಲಿ ಎಂದು ಡಾಕ್ಟರಮ್ಮನನ್ನು ಕೇಳಿದ. ಅವರು ಚೀಟಿ ಅಕ್ಕನ ಕಡೆ ಬೆರಳು ತೋರಿಸಿ, ಕೈಗವಸು ಎಳೆದುಕೊಳ್ಳುತ್ತಾ ಒಳಗೆ ಹೋದರು.